ಕೆರೆ, ಅಬ್ಬಿ, ಒರತೆ: ನಮ್ಮ ನಕ್ಷೆಗೆ ಸರ್ವರ್ ಆರಿಸಿದ್ದು ಹೀಗೆ

ಮೇ 24, ಶಿರಸಿ

ಬೇಸಿಗೆಯ ತಿರುಗಾಟ ಇವತ್ತಿಗೆ ಮುಗಿಯಿತು. ನಾಲ್ಕು ಜನ ಸೇರಿ ಭಾನುವಾರ ಭಾನುವಾರ ಊರೂರು ಅಲೆದು ಇನ್ನೂರಕ್ಕೂ ಹೆಚ್ಚು ಕೆರೆ, ಅಬ್ಬಿ, ಒರತೆಗಳನ್ನು ಗುರುತು ಮಾಡಿದ್ದೇವೆ. ಈ ಕೆಲಸ ಏಪ್ರಿಲ್–ಮೇ ತಿಂಗಳಲ್ಲೇ ಆಗಬೇಕು. ಮಳೆ ಹಿಡಿದ ಮೇಲೆ ಇಲ್ಲಿ ಎಲ್ಲಿ ಕಾಲಿಟ್ಟರೂ ನೀರು. ಕಡು ಬೇಸಿಗೆಯಲ್ಲೂ ಒಸರುವ ಜಾಗ ಯಾವುದು, ಹಿಂದೆ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ) ಮನೆ ಬಾಗಿಲಿಗೆ ಹರಿದು ಬರುತ್ತಿದ್ದ ಅಬ್ಬಿ ನೀರು ಈಗ ಎಲ್ಲಿಗೆ ನಿಂತಿದೆ, ಯಾವ ಕೆರೆಯ ಹೂಳು ತೆಗೆದು ಎಷ್ಟು ವರ್ಷ ಆಯಿತು, ಇವೆಲ್ಲ ನಮಗೆ ಬೇಕಾಗಿತ್ತು.

ಗುರುತು ಹಾಕಿದ್ದು ಫೋನಿನ ಕ್ಯೂಫೀಲ್ಡ್ ಆ್ಯಪ್‌ನಲ್ಲಿ, ಕ್ಯೂಜಿಐಎಸ್ ಅನ್ನುವ ಕಂಪ್ಯೂಟರಿನ ನಕ್ಷೆ ತಂತ್ರಾಂಶಕ್ಕೆ ಜೊತೆಯಾಗುವ ಆ್ಯಪ್ ಅದು. ಅಡಿಕೆ ತೋಟದ ನೆರಳಲ್ಲಿ ಜಿಪಿಎಸ್ ತುಂಬಾ ಅಲ್ಲಾಡುತ್ತದೆ. ಅಂಥ ಕಡೆ ಒಂದೆರಡು ನಿಮಿಷ ಸುಮ್ನೆ ನಿಂತು, ಬಿಂದು ಒಂದು ಕಡೆ ನಿಂತ ಮೇಲೆ ಬರೆದುಕೊಂಡೆವು. ಎಲ್ಲವೂ ಜಿಯೋಪ್ಯಾಕೇಜ್ ಅನ್ನುವ ಒಂದೇ ನಕ್ಷೆ ಮಾಹಿತಿ ಫೈಲಿನಲ್ಲಿದೆ. ಆ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿದೆ. ಅಲ್ಲೇ ಇದ್ದರೆ ಏನು ಬಂತು, ಅಲ್ವಾ? ಕೆರೆ ಯಾರ ಊರಿನದೋ ಅವರಿಗೆ ಕಾಣಬೇಕು. ಅದಕ್ಕೆ ನಕ್ಷೆಯನ್ನು ಜಾಲದ ಮೂಲಕ ಕೊಡುವ ತಂತ್ರಾಂಶ, ಅಂದರೆ ನಕ್ಷೆ ಸರ್ವರ್, ಬೇಕು.

ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. "ತಮಾ, ನಮ್ಮನೆ ಕೆರೆ ಎಲ್ಲಿದ್ದು? ನನ್ನ ಫೋನಲ್ಲಿ ತೋರ್ಸು." ಅವರ ಫೋನು ಹಳೆಯದು. ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಯಾವ ಸರ್ವರ್ ಹಾಕಿದರೂ ಕೊನೆಗೆ ಆ ಮೂಲೆಯಲ್ಲಿ ನಿಂತು ನೋಡೋಣ ಅಂತ ಅವತ್ತೇ ತೀರ್ಮಾನ ಮಾಡಿದೆ.

ಇನ್ನೊಂದು ಬೇಡಿಕೆ ಘಟ್ಟದ ಕೆಳಗಿನಿಂದ. ಕುಮಟಾದ ಗೆಳೆಯ ಒಬ್ಬ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಗಡಿ ಎಳೆಯುತ್ತಿದ್ದಾನೆ, ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆಗಳು. ನದಿ ಹುಟ್ಟುವುದು ನಮ್ಮ ಕಡೆ, ಸಮುದ್ರ ಸೇರುವುದು ಅವನ ಕಡೆ. ಹಾಗಾಗಿ ನಮ್ಮ ಒರತೆಗಳೂ ಅವನ ಗದ್ದೆಗಳೂ ಒಂದೇ ನಕ್ಷೆಯಲ್ಲಿ ಬರಬೇಕು. ಅವನಿಗೆ ಚಿತ್ರ ಸಾಲದು. ಮೂಲ ಮಾಹಿತಿಯನ್ನೇ ತನ್ನ ಕಂಪ್ಯೂಟರಿಗೆ ಎಳೆದುಕೊಳ್ಳಬೇಕು.

ಜೂನ್ 2

ಮೊದಲು ಜಿಯೋಸರ್ವರ್. ಯಾರನ್ನು ಕೇಳಿದರೂ ಮೊದಲು ಹೇಳುವ ಹೆಸರು ಇದು. 2001ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಯೋಜನೆ, ಜಾವಾದಲ್ಲಿ ಬರೆದದ್ದು. ನಕ್ಷೆ ಮಾಹಿತಿ ಹಂಚುವ ಕ್ರಮಗಳನ್ನು ಗೊತ್ತು ಮಾಡುವ ಓಜಿಸಿ ಸಂಸ್ಥೆಯ ಮಾನದಂಡಗಳನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಅವುಗಳಲ್ಲಿ ಡಬ್ಲ್ಯುಎಂಎಸ್ ಅನ್ನುವ ಕ್ರಮದಲ್ಲಿ ಕೇಳಿದರೆ ಆ ಜಾಗದ ಚಿತ್ರ ಬಿಡಿಸಿ ಕೊಡುತ್ತದೆ, ಡಬ್ಲ್ಯುಎಫ್‌ಎಸ್‌ನಲ್ಲಿ ಕೇಳಿದರೆ ಬಿಂದು, ಗೆರೆ, ಕಾಲಂ ಸಮೇತ ಮೂಲ ಮಾಹಿತಿಯನ್ನೇ ಕೊಡುತ್ತದೆ. ಕುಮಟಾದವನಿಗೆ ಬೇಕಾದದ್ದು ಈ ಎರಡನೆಯದು.

ಬ್ರೌಸರಿನಲ್ಲೇ ಎಲ್ಲ ಸೆಟ್ಟಿಂಗ್ ಮಾಡಬಹುದು. ಯಾರು ಯಾವ ಪದರ ನೋಡಬಹುದು, ಯಾರು ತಿದ್ದಬಹುದು ಅಂತ ಅನುಮತಿ ಹಂಚಬಹುದು. ಚಿತ್ರಗಳನ್ನು ಕೂಡಿಡುವ ಜಿಯೋವೆಬ್‌ಕ್ಯಾಶ್ ಒಳಗೇ ಇದೆ. ಹತ್ತಾರು ಜನ ಕೆಲಸ ಮಾಡುವ ಕಚೇರಿ, ನೋಡಿಕೊಳ್ಳಲು ಒಬ್ಬ ತಿಳಿದವರು ಇದ್ದಾರೆ ಅಂದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ನಮ್ಮಲ್ಲಿ ಇರುವುದು 2 ಜಿಬಿ ಮೆಮೊರಿಯ ಒಂದು ಬಾಡಿಗೆ ಯಂತ್ರ. ಜಾವಾ ಎದ್ದು ಕೂತ ಮೇಲೆ ಬೇರೆಯವಕ್ಕೆ ಜಾಗವೇ ಉಳಿಯಲಿಲ್ಲ. ಬಣ್ಣ, ಗುರುತುಗಳನ್ನು ಎಸ್‌ಎಲ್‌ಡಿ ಅನ್ನುವ ಎಕ್ಸ್‌ಎಂಎಲ್ ಬರಹದಲ್ಲಿ ಕೊಡಬೇಕು. ಕ್ಯೂಜಿಐಎಸ್‌ನಲ್ಲಿ ಇಷ್ಟಪಟ್ಟು ಮಾಡಿದ್ದ ಗುರುತುಗಳನ್ನು ಅದಕ್ಕೆ ಬದಲಿಸಿದಾಗ ಕೆಲವು ಹಾಗೇ ಬಂದವು, ಕೆಲವು ಬರಲಿಲ್ಲ.

ಭದ್ರತೆಯ ಮಾತೂ ಇದೆ. ಹೊಸದಾಗಿ ಹಾಕಿದಾಗ ಇರುವ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುವಂಥದ್ದು, ಮೊದಲ ಕೆಲಸವೇ ಅದನ್ನು ಬದಲಿಸುವುದು. 2024ರಲ್ಲಿ ಲಾಗಿನ್ ಇಲ್ಲದೆಯೇ ಹೊರಗಿನವರು ಒಳಗೆ ಆಜ್ಞೆ ಓಡಿಸಬಹುದಾದ ದೊಡ್ಡ ದೋಷ ಇದರಲ್ಲಿ ಬೆಳಕಿಗೆ ಬಂದಿತ್ತು. ತಂಡದವರು ತಿದ್ದಿದ ಆವೃತ್ತಿ ಬಿಟ್ಟರು. ಆದರೆ ಅದನ್ನು ತಕ್ಷಣ ಹಾಕಿಕೊಳ್ಳುವವರು ಬೇಕಲ್ಲ. ನಾವು ನಾಲ್ವರೂ ಮದ್ದು ಹೊಡೆಯುವ ದಿನಗಳಲ್ಲಿ ತೋಟದಲ್ಲಿರುತ್ತೇವೆ. ತೆರೆದಿಟ್ಟ ಸರ್ವರ್ ದಿನಾ ನೋಡಿಕೊಳ್ಳಬೇಕಾದ ವಸ್ತು ಅಂತ ನನಗೆ ಮನದಟ್ಟಾಗಿದ್ದು ಇದನ್ನು ಓದಿದ ಮೇಲೆ.

ಜೂನ್ 9

ಬಿಳಿ ಚಿತ್ರ. ಮೂರು ಗಂಟೆ ಬರೀ ಬಿಳಿ ಚಿತ್ರ. ಸರ್ವರ್ ತಪ್ಪು ಅಂತ ಹೇಳುವುದೂ ಇಲ್ಲ, ನಕ್ಷೆ ಕೊಡುವುದೂ ಇಲ್ಲ.

ಕಾರಣ ಸಿಕ್ಕಿತು, ಬರೆದಿಡುತ್ತೇನೆ, ಇನ್ನೊಬ್ಬರಿಗೆ ಆ ಮೂರು ಗಂಟೆ ಉಳಿಯಲಿ. ಡಬ್ಲ್ಯುಎಂಎಸ್‌ನ 1.1.1 ಆವೃತ್ತಿಯಲ್ಲಿ ಜಾಗದ ಚೌಕ ಕೇಳುವಾಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. 1.3.0 ಆವೃತ್ತಿಯಲ್ಲಿ ಇಪಿಎಸ್‌ಜಿ 4326 (ಅಕ್ಷಾಂಶ, ರೇಖಾಂಶಗಳನ್ನು ಡಿಗ್ರಿಯಲ್ಲಿ ಹೇಳುವ ಪದ್ಧತಿಯ ಸಂಕೇತ) ಬಳಸಿದರೆ ಅಕ್ಷಾಂಶ ಮೊದಲು. ನಾನು ಹಳೆಯ ಕ್ರಮದಲ್ಲಿ ಅಂಕಿ ಕೊಟ್ಟು ಹೊಸ ಆವೃತ್ತಿಯಲ್ಲಿ ಕೇಳಿದ್ದೆ. ಶಿರಸಿ ಇರುವುದು ಹೆಚ್ಚುಕಡಿಮೆ 14.6 ಉತ್ತರ, 74.8 ಪೂರ್ವದಲ್ಲಿ. ತಿರುಗಿಸಿದರೆ 74.8 ಉತ್ತರ, 14.6 ಪೂರ್ವ. ಅದು ನಾರ್ವೆಗೂ ಸ್ವಾಲ್ಬಾರ್ಡ್‌ಗೂ ನಡುವಿನ ಸಮುದ್ರ. ಅಲ್ಲಿ ನಮ್ಮ ಕೆರೆ ಇಲ್ಲ, ಸರ್ವರ್ ಸರಿಯಾಗೇ ಖಾಲಿ ಚಿತ್ರ ಕೊಟ್ಟಿದೆ. ಇದು ಯಾವ ಸರ್ವರ್‌ನಲ್ಲಾದರೂ ಆಗುವಂಥದ್ದು.

ಜೂನ್ 15

ಮ್ಯಾಪ್‌ಸರ್ವರ್ ಹಾಕಿದೆ. ಮನಸ್ಸಿಗೆ ತುಂಬಾ ಹಿಡಿಸಿತು. 1990ರ ದಶಕದ ಮಧ್ಯದಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ, ನಾಸಾ ನೆರವಿನ ಒಂದು ಅರಣ್ಯ ಮಾಹಿತಿ ಯೋಜನೆಗೆ ಅಂತ ಹುಟ್ಟಿದ್ದು. ಕಾಡಿನ ಕೆಲಸಕ್ಕೆ ಹುಟ್ಟಿದ್ದು ನಮ್ಮ ಕಾಡಿಗೂ ಬಂತು ಅಂತ ಖುಷಿಯಾಯಿತು. ಸಿ ಭಾಷೆಯಲ್ಲಿ ಬರೆದದ್ದು, ತುಂಬಾ ಹಗುರ. ಅದೇ ಪುಟ್ಟ ಯಂತ್ರದಲ್ಲಿ ಇದು ಇದೆಯೋ ಇಲ್ಲವೋ ಅನ್ನುವ ಹಾಗೆ ಓಡಿತು. ಸೆಟ್ಟಿಂಗ್ ಎಲ್ಲ ಮ್ಯಾಪ್‌ಫೈಲ್ ಅನ್ನುವ ಒಂದು ಪಠ್ಯ ಫೈಲಿನಲ್ಲಿ. ಪದರ, ಬಣ್ಣ, ಅಕ್ಷರದ ಗಾತ್ರ ಒಂದೊಂದನ್ನೂ ಕೈಯಲ್ಲಿ ಬರೆಯಬೇಕು. ಬದಲಿಸಿ ಉಳಿಸಿದರೆ ಮುಂದಿನ ಚಿತ್ರದಲ್ಲೇ ಕಾಣುತ್ತದೆ.

ಕನ್ನಡ ಅಕ್ಷರದ ಬಗ್ಗೆ ಹೆದರಿಕೆ ಇತ್ತು. 7ನೇ ಆವೃತ್ತಿಯಿಂದ ಇದರೊಳಗೆ ಹಾರ್ಫ್‌ಬಜ್ ಬಂದಿದೆ, ಅಕ್ಷರಗಳನ್ನು ಸರಿಯಾಗಿ ಕೂಡಿಸುವ ತಂತ್ರಾಂಶ ಅದು. ನೋಟೋ ಸಾನ್ಸ್ ಕನ್ನಡ ಫಾಂಟಿನ ದಾರಿ ಕೊಟ್ಟೆ. "ಯಲ್ಲಾಪುರ", "ಸಿದ್ದಾಪುರ", "ಉಂಚಳ್ಳಿ" ಒತ್ತಕ್ಷರ ಸಮೇತ ಚೆನ್ನಾಗಿ ಬಂದವು.

ಆದರೂ ಇದನ್ನು ಬಿಟ್ಟೆ. ಮ್ಯಾಪ್‌ಫೈಲ್ ಬರೆಯಲು ಬರುವುದು ನಾಲ್ವರಲ್ಲಿ ನನಗೊಬ್ಬನಿಗೆ. ನಾನು ಊರಲ್ಲಿ ಇಲ್ಲದಾಗ ಒಂದು ಕೆರೆಯ ಬಣ್ಣ ಬದಲಿಸಲೂ ಉಳಿದವರು ಕಾಯಬೇಕು. ಒಬ್ಬನ ತಲೆಯಲ್ಲಿ ಮಾತ್ರ ಇರುವ ಕೆಲಸ ಅವನು ಸುಸ್ತಾದ ದಿನ ನಿಲ್ಲುತ್ತದೆ. ಈ ಕೆಲಸ ನಿಲ್ಲಬಾರದು.

ಜೂನ್ 23

ಆರಿದ್ರಾ ಮಳೆ ಜೋರು. ಎರಡು ದಿನ ಕರೆಂಟಿಲ್ಲ, ಮೂರನೇ ದಿನ ಕೂತೆ.

ಕ್ಯೂಜಿಐಎಸ್ ಸರ್ವರ್. ನಾವು ದಿನಾ ಬಳಸುವ ಕ್ಯೂಜಿಐಎಸ್‌ನ ಯೋಜನೆ ಫೈಲನ್ನೇ ಸರ್ವರ್‌ಗೆ ಕೊಟ್ಟರೆ ಆಯಿತು. ಚಿತ್ರ ಬಿಡಿಸುವ ಭಾಗ ಎರಡಕ್ಕೂ ಒಂದೇ. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಕಂಡ ಹಾಗೇ ಜಾಲದಲ್ಲೂ ಕಾಣುತ್ತದೆ. ನಮ್ಮ ನಾಲ್ವರಿಗೂ ಕ್ಯೂಜಿಐಎಸ್ ಗೊತ್ತು. ಯಾರೇ ಫೈಲ್ ತಿದ್ದಿ ಮೇಲೆ ಹಾಕಿದರೂ ನಕ್ಷೆ ಬದಲಾಗುತ್ತದೆ. ನನಗೆ ಬೇಕಾಗಿದ್ದದ್ದು ಇದೇ.

ಮೊದಲ ಸಲ ಹೆಸರುಗಳೆಲ್ಲ ಚೌಕ ಚೌಕ ಬಂದವು. ಸರ್ವರ್ ಯಂತ್ರದಲ್ಲಿ ಕನ್ನಡ ಫಾಂಟ್ ಇರಲಿಲ್ಲ, ಅಷ್ಟೇ. ಹಾಕಿದ ಮೇಲೆ ಸರಿಹೋಯಿತು. ಪರದೆ ಇಲ್ಲದ ಯಂತ್ರವಾದ್ದರಿಂದ, ಕ್ಯೂಜಿಐಎಸ್‌ಗೆ ಆಧಾರವಾದ ಕ್ಯೂಟಿ ತಂತ್ರಾಂಶಕ್ಕೆ ಆಫ್‌ಸ್ಕ್ರೀನ್ ಅಂತ ಹೇಳಿ ಓಡಿಸಿದೆ.

ಈಗ ಮುಖ್ಯ ವಿಷಯ. ಪರೀಕ್ಷೆ ಮಾಡುತ್ತಾ ಒಂದು ಒರತೆಯ ಮೇಲೆ ಒತ್ತಿದೆ. ಮಾಹಿತಿ ಪೆಟ್ಟಿಗೆ ತೆರೆಯಿತು. ಅದರಲ್ಲಿ ಜಾಗದವರ ಹೆಸರು, ಫೋನ್ ನಂಬರ್ ಎರಡೂ ಇದ್ದವು. ತಿರುಗಾಟದಲ್ಲಿ ನಮ್ಮ ಅನುಕೂಲಕ್ಕೆ ಬರೆದುಕೊಂಡಿದ್ದ ಕಾಲಂಗಳು ಅವು. ಎದೆ ಧಸಕ್ ಅಂತು. ಆಗಿನ್ನೂ ವಿಳಾಸ ಯಾರಿಗೂ ಕೊಟ್ಟಿರಲಿಲ್ಲ, ಪುಣ್ಯ. ನಮ್ಮನ್ನು ನಂಬಿ ತೋಟದೊಳಗೆ ಬಿಟ್ಟು, ಚಾ ಕೊಟ್ಟು, ಬೆಟ್ಟದ ಮೇಲಿನ ಒರತೆ ತೋರಿಸಿದವರ ನಂಬರ್ ಅದು.

ಕ್ಯೂಜಿಐಎಸ್‌ನಲ್ಲಿ ಪ್ರತಿ ಕಾಲಂಗೂ, ಇದನ್ನು ಡಬ್ಲ್ಯುಎಂಎಸ್‌ನಲ್ಲಿ ತೋರಿಸಬೇಡ, ಡಬ್ಲ್ಯುಎಫ್‌ಎಸ್‌ನಲ್ಲಿ ತೋರಿಸಬೇಡ ಅಂತ ಗುರುತು ಹಾಕಲು ಜಾಗ ಇದೆ. ಯಾವ ಪದರ ಡಬ್ಲ್ಯುಎಫ್‌ಎಸ್‌ಗೆ ಹೋಗಬೇಕು ಅಂತಲೂ ಬೇರೆಯಾಗಿ ಆರಿಸಬಹುದು. ಆದರೆ ನಾನು ಗುರುತು ಹಾಕಿ ಸುಮ್ಮನಾಗಲಿಲ್ಲ. ಸರ್ವರ್‌ಗೆ ಹೋಗುವ ಪ್ರತಿಯಿಂದ ಆ ಎರಡು ಕಾಲಂ ಪೂರ್ತಿ ತೆಗೆದೆ. ಇಲ್ಲದ್ದು ಸೋರುವುದಿಲ್ಲ. ಪ್ರಕಟಣೆ ಬೇಡ ಅಂದವರ ಒರತೆಗಳನ್ನೂ ತೆಗೆದೆ.

ಜೂನ್ 29

ಕುಮಟಾದ ಗೆಳೆಯ ಡಬ್ಲ್ಯುಎಫ್‌ಎಸ್ ವಿಳಾಸ ತನ್ನ ಕ್ಯೂಜಿಐಎಸ್‌ಗೆ ಹಾಕಿದ. ನಮ್ಮ ಬಿಂದುಗಳು ಅವನ ಗಜನಿಗಳ ಜೊತೆ ಬಂದು ಕೂತವು. ಫೋನಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡದೆ ನೋಡುತ್ತಾ ಇದ್ದೆವು.

ಅವನೇ ಒಂದು ತಪ್ಪು ಹಿಡಿದ. ಕೆರೆಗಳ ವಿಸ್ತೀರ್ಣ ಜಾಸ್ತಿ ಬಂದಿದೆ ಅಂದ. ನಾನು ವೆಬ್ ಮರ್ಕೇಟರ್‌ನಲ್ಲಿ ಅಳೆದಿದ್ದೆ, ಅಂದರೆ ಇಪಿಎಸ್‌ಜಿ 3857, ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆ ಮಾಡುವ ಒಂದು ವಿಧಾನ. ಜಾಲದ ನಕ್ಷೆಗಳು ಹೆಚ್ಚಾಗಿ ಅದರಲ್ಲೇ ಇರುತ್ತವೆ. ಆದರೆ ಸಮಭಾಜಕದಿಂದ ದೂರ ಹೋದ ಹಾಗೆ ಅದು ಎಲ್ಲವನ್ನೂ ಹಿಗ್ಗಿಸುತ್ತದೆ. ನಮ್ಮ ಅಕ್ಷಾಂಶದಲ್ಲಿ ಉದ್ದ ಶೇ. 3ರಷ್ಟು, ವಿಸ್ತೀರ್ಣ ಶೇ. 7ರ ಹತ್ತಿರ ಹೆಚ್ಚು ಬರುತ್ತದೆ. ಒಂದು ಎಕರೆ ಕೆರೆಗೆ ಎರಡೂವರೆ ಗುಂಟೆಗಿಂತ ಜಾಸ್ತಿ ಸೇರಿಕೊಂಡ ಹಾಗೆ. ಹೂಳಿನ ಲೆಕ್ಕ ಹಾಕುವವರಿಗೆ ಇದು ಸಣ್ಣ ಮಾತಲ್ಲ. ಈಗ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯದಲ್ಲಿ, ಇಪಿಎಸ್‌ಜಿ 32643ರಲ್ಲಿ, ಅಳೆದು ಕಾಲಂಗೆ ತುಂಬಿದೆ. ಆ ವಲಯದ ನಡು ರೇಖೆ 75 ಡಿಗ್ರಿ ಪೂರ್ವ. ಶಿರಸಿ ಅದರ ಪಕ್ಕದಲ್ಲೇ ಇದೆ.

ಜುಲೈ 6

ದೊಡ್ಡಪ್ಪನ ಅಂಗಳದ ಮೂಲೆ. ಕೊಡೆ ಹಿಡಿದು ನಿಂತು ನೋಡಿದೆವು. ಆಗಲಿಲ್ಲ. ಬೆರಳು ಸರಿಸಿದಾಗಲೆಲ್ಲ ಫೋನು ಸರ್ವರ್‌ಗೆ ಹೊಸ ಚಿತ್ರ ಕೇಳುತ್ತದೆ, ಸರ್ವರ್ ಅದನ್ನು ಹೊಸದಾಗಿ ಬಿಡಿಸಿ ಕಳಿಸುತ್ತದೆ, ಅಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಅವರು ಐದು ನಿಮಿಷ ತಾಳ್ಮೆಯಿಂದ ಕಾದರು. ನನಗೆ ಬಹಳ ಬೇಜಾರಾಯಿತು.

ಮನೆಗೆ ಬಂದು ಯೋಚಿಸಿದೆ. ಗುಡ್ಡ, ಹಳ್ಳ, ರಸ್ತೆ ದಿನಾ ಬದಲಾಗುವುದಿಲ್ಲ. ಅವನ್ನು ಪ್ರತಿ ಸಲ ಬಿಡಿಸುವುದು ಯಾಕೆ? ಒಮ್ಮೆ ಬಿಡಿಸಿ ತುಂಡು ಮಾಡಿ ಇಟ್ಟರೆ ನೋಡುವವರಿಗೆ ಸರ್ವರೇ ಬೇಡ.

ಜುಲೈ 13

ಮೊದಲು ಬ್ರೌಸರಿನಲ್ಲಿ ನಕ್ಷೆ ಬಿಡಿಸುವ ಮ್ಯಾಪ್‌ಲಿಬ್ರೆ ಮತ್ತು ವೆಕ್ಟರ್ ತುಂಡುಗಳನ್ನು (ಚಿತ್ರದ ಬದಲು ಬಿಂದು, ಗೆರೆಗಳ ಮಾಹಿತಿ ಇರುವ ತುಂಡುಗಳು) ನೋಡಿದೆ. ವೇಗ ಚೆನ್ನಾಗಿತ್ತು. ಆದರೆ ಅದು ಅಕ್ಷರಗಳನ್ನು ಒಂದೊಂದಾಗಿ ತಂದು ಜೋಡಿಸುತ್ತದೆ, ನಮ್ಮ ಒತ್ತಕ್ಷರಕ್ಕೆ ಅದು ಸಾಲದು. ನಾವು ಹಾಕಿಕೊಂಡ ಆವೃತ್ತಿಯಲ್ಲಿ "ಸಹಸ್ರಲಿಂಗ" ಬಿಡಿ ಬಿಡಿಯಾಗಿ ಒಡೆದು ಬಂತು. ಊರಿನ ಹೆಸರು ಒಡೆದು ಬರೆದ ನಕ್ಷೆಯನ್ನು ಊರವರ ಕೈಗೆ ಕೊಡಲಾರೆ. ಅದನ್ನು ಬಿಟ್ಟೆ.

ಆಮೇಲೆ ಕ್ಯೂಜಿಐಎಸ್‌ನಿಂದಲೇ ಚಿತ್ರದ ತುಂಡುಗಳನ್ನು ಎಂಬಿಟೈಲ್ಸ್ ಫೈಲಾಗಿ ತೆಗೆದೆ. ರಸ್ತೆ, ಊರು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಜನರೇ ಸೇರಿ ಮಾಡುವ ಮುಕ್ತ ನಕ್ಷೆಯ ಮೂಲ ಮಾಹಿತಿಯಿಂದ. ಅವರ ಸರ್ವರ್‌ನಿಂದ ತುಂಡುಗಳನ್ನು ರಾಶಿಗಟ್ಟಲೆ ಇಳಿಸುವುದು ನಿಷಿದ್ಧ. ಮಾಹಿತಿ ಇಳಿಸಿಕೊಂಡು ನಾವೇ ಬಿಡಿಸಿ, ಕೆಳಗೆ ಅವರ ಹೆಸರು ಹಾಕುವುದು ಸರಿಯಾದ ದಾರಿ. ಗುಡ್ಡದ ಎತ್ತರ 2000ದ ಫೆಬ್ರವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎಸ್‌ಆರ್‌ಟಿಎಂ ಮಾಹಿತಿಯದು. ದಟ್ಟ ಕಾಡಿರುವಲ್ಲಿ ಅದಕ್ಕೆ ಮರದ ಎತ್ತರವೂ ಸೇರಿಕೊಳ್ಳುತ್ತದೆ, ಹಾಗಾಗಿ ಕೆಲವು ಹಳ್ಳದ ಗೆರೆ ಪಕ್ಕಕ್ಕೆ ಸರಿದಿತ್ತು, ಗೊತ್ತಿರುವಷ್ಟನ್ನು ಕೈಯಲ್ಲಿ ತಿದ್ದಿದೆವು.

ಎಷ್ಟು ಹತ್ತಿರದವರೆಗೆ ತೆಗೆಯಬೇಕು ಅನ್ನುವುದನ್ನು ಲೆಕ್ಕ ಹಾಕಿಯೇ ತೀರ್ಮಾನ ಮಾಡಿ. ಜೂಮ್ ಒಂದು ಹಂತ ಮೇಲೆ ಹೋದರೆ ತುಂಡುಗಳು ನಾಲ್ಕು ಪಟ್ಟು. ಇಪ್ಪತ್ತು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಜಾಗಕ್ಕೆ 16ನೇ ಹಂತದಲ್ಲಿ ಸಾವಿರದ ಚಿಲ್ಲರೆ ತುಂಡು, 18ಕ್ಕೆ ಹೋದರೆ 18 ಸಾವಿರ ದಾಟುತ್ತದೆ. ನಾವು 16ಕ್ಕೆ ನಿಲ್ಲಿಸಿದೆವು. ತುಂಡಿನ ಅಂಚಿನಲ್ಲಿ ಹೆಸರು ಕತ್ತರಿಸಿ ಹೋಗುತ್ತಿತ್ತು, ಮೆಟಾಟೈಲ್ (ಒಟ್ಟಿಗೆ ಬಿಡಿಸಿ ಆಮೇಲೆ ಕತ್ತರಿಸುವ ತುಂಡುಗಳ ಗುಂಪು) ಗಾತ್ರ ಹೆಚ್ಚಿಸಿದ ಮೇಲೆ ಕಡಿಮೆಯಾಯಿತು.

ಎಂಬಿಟೈಲ್ಸ್‌ನಿಂದ ಪಿಎಂಟೈಲ್ಸ್ ಅನ್ನುವ ಇನ್ನೊಂದು ಬಗೆಯ ಫೈಲಿಗೆ ಬದಲಿಸಲು ಒಂದೇ ಆಜ್ಞೆ. ಎಲ್ಲ ತುಂಡುಗಳೂ ಒಂದೇ ಫೈಲಿನಲ್ಲಿ ಇರುತ್ತವೆ, ಫೋನು ತನಗೆ ಬೇಕಾದ ಭಾಗ ಮಾತ್ರ ಕೇಳಿ ತರುತ್ತದೆ. ಫೈಲಿನ ತುಣುಕು ಕೊಡಲು ಬರುವ ಸಾದಾ ವೆಬ್ ಜಾಗ ಸಾಕು. ಒಂದು ಎಚ್ಚರಿಕೆ: ಪೈಥಾನ್ ಜೊತೆ ಬರುವ ಸರಳ ಸರ್ವರ್‌ಗೆ ಹೀಗೆ ತುಣುಕು ಕೊಡಲು ಬರುವುದಿಲ್ಲ, ಮನೆಯಲ್ಲಿ ಅದರಲ್ಲಿ ಪರೀಕ್ಷೆ ಮಾಡಿ ನಕ್ಷೆ ಬರಲಿಲ್ಲ ಅಂತ ಗಾಬರಿಯಾಗಬೇಡಿ.

ಇನ್ನೂರು ಚಿಲ್ಲರೆ ಬಿಂದುಗಳನ್ನು ಬೇರೆಯಾಗಿ ಒಂದು ಪುಟ್ಟ ಜಿಯೋಜೇಸನ್ ಫೈಲಿನಲ್ಲಿ ಇಟ್ಟೆ. ಬ್ರೌಸರಿನಲ್ಲಿ ನಕ್ಷೆ ತೋರಿಸುವುದು ಲೀಫ್‌ಲೆಟ್ ಅನ್ನುವ ತಂತ್ರಾಂಶ. ಅದರ ಮಾಹಿತಿ ಪೆಟ್ಟಿಗೆಯ ಅಕ್ಷರಗಳನ್ನು ಬ್ರೌಸರೇ ಬರೆಯುವುದರಿಂದ ಕನ್ನಡ ಅಂದವಾಗಿ ಬರುತ್ತದೆ. ಕ್ಯೂಜಿಐಎಸ್ ಸರ್ವರ್ ಉಳಿದಿದೆ, ಆದರೆ ಕುಮಟಾದವನಂಥ ಮೂಲ ಮಾಹಿತಿ ಬೇಕಾದವರಿಗೆ ಮಾತ್ರ, ಪಾಸ್‌ವರ್ಡ್ ಹಿಂದೆ. ಅದು ಒಂದು ವಾರ ಮಲಗಿದರೂ ಊರವರ ನಕ್ಷೆ ನಿಲ್ಲುವುದಿಲ್ಲ.

ಜುಲೈ 20

ಮತ್ತೆ ಅದೇ ಮೂಲೆ, ಅದೇ ಕೊಡೆ. ಈ ಸಲ ಬಂತು. ಮೊದಲು ಗುಡ್ಡ, ಆಮೇಲೆ ಹಳ್ಳ, ಆಮೇಲೆ ನೀಲಿ ಬಿಂದು. ದೊಡ್ಡಪ್ಪ ಬೆರಳಿಟ್ಟು ಒತ್ತಿದರು, ಹೆಸರು ಓದಿದರು, ತಲೆ ಅಲ್ಲಾಡಿಸಿದರು.

"ಜಾಗ ಸರಿ ಇದ್ದು. ಹೆಸರು ಇದಲ್ಲ, ತಮಾ." ಕಾಗದದಲ್ಲಿರುವ ಹೆಸರು ಒಂದು, ಅವರ ಅಜ್ಜನ ಕಾಲದಿಂದ ಕರೆಯುವ ಹೆಸರು ಬೇರೆ. ಅಲ್ಲೇ ಜಗಲಿಯಲ್ಲಿ ಕೂತು ಸುತ್ತಿನ ಹನ್ನೊಂದು ಕೆರೆಗಳ ಹಳೆಯ ಹೆಸರು ಹೇಳಿದರು, ನಾನು ಬರೆದುಕೊಂಡೆ. "ಹಿರಿಯರು ಕರೆಯುವ ಹೆಸರು" ಅಂತ ಹೊಸ ಕಾಲಂ ಸೇರಿಸಿದ್ದೇನೆ. ಮುಂದಿನ ಭಾನುವಾರ ಪಕ್ಕದ ಊರಿನ ಇಬ್ಬರು ಹಿರಿಯರ ಹತ್ತಿರ ಹೋಗುವುದಿದೆ.