ರಸ್ತೆ ಪರದೆಯ ಮುಂದಿನ ನಟ

ರಾಜು ತಾಳಿಕೋಟೆ ತೀರಿಕೊಂಡದ್ದು 2025ರ ಅಕ್ಟೋಬರ್ 13ರಂದು, ಮಣಿಪಾಲದಲ್ಲಿ. ಸಿನಿಮಾ ಶೂಟಿಂಗಿಗೆಂದು ಉಡುಪಿ ಕಡೆ ಹೋದವರಿಗೆ ಹೃದಯಾಘಾತವಾಯಿತು. ಸುದ್ದಿಯಲ್ಲಿ ಹೆಚ್ಚಾಗಿ ‘ಹಾಸ್ಯನಟ’ ಎಂದು ಬಂತು. ವಿಜಯಪುರದಲ್ಲಿ ಕಾಲೇಜು ಓದಿದ ನಮ್ಮ ತಲೆಮಾರಿನವರಿಗೆ ಅವರ ಮುಖಕ್ಕಿಂತ ಮೊದಲು ದನಿ ಗೊತ್ತಿತ್ತು. ‘ಕಲಿಯುಗದ ಕುಡುಕ’ ನಾಟಕದ ಕ್ಯಾಸೆಟ್ಟು ಚಹಾದಂಗಡಿ, ಟಂಟಂ, ಹಾಸ್ಟೆಲ್ ಖೋಲಿ ಎಲ್ಲೆಡೆ ಓಡುತ್ತಿತ್ತು. ಗ್ಯಾದರಿಂಗ್, ಅಂದರೆ ಕಾಲೇಜಿನ ವಾರ್ಷಿಕೋತ್ಸವ, ಬಂತೆಂದರೆ ಅವರ ದನಿ ತೆಗೆಯುವವನೊಬ್ಬ ಪ್ರತಿ ಕ್ಲಾಸಿನಲ್ಲೂ ಹುಟ್ಟಿಕೊಳ್ಳುತ್ತಿದ್ದ. ದನಿ ಬರುತ್ತಿತ್ತು, ಹದ ಬರುತ್ತಿರಲಿಲ್ಲ. ಆ ಹದ ಎಲ್ಲಿ ತಯಾರಾಗುತ್ತದೆ ಎನ್ನುವುದನ್ನು ನಮ್ಮ ಕಾಲೇಜಿನ ಸಂಚಿಕೆಯಲ್ಲಿ ಬರೆದಿಡುವುದು ಒಳ್ಳೆಯದು. ಈಗಿನ ಹುಡುಗರಿಗೆ ಕಂಪನಿ ಥೇಟರಿನ ಒಳಗು ಅಷ್ಟಾಗಿ ಗೊತ್ತಿಲ್ಲ.

ರಾಜು ಅವರು ಸಿಂದಗಿ ಸೀಮೆಯ ಚಿಕ್ಕಸಿಂದಗಿಯವರು. ತಾಳಿಕೋಟೆಯ ಖಾಸ್ಗತೇಶ್ವರ ನಾಟ್ಯ ಸಂಘದಿಂದ ಬಂದವರು, ಹೆಸರಿನ ಜೊತೆಗೆ ಊರು ಅಂಟಿಕೊಂಡದ್ದು ಹಾಗೆ. ವೃತ್ತಿ ಕಂಪನಿ ಅಂದರೆ ಊರಿಂದೂರಿಗೆ ತಗಡು, ಬೊಂಬು, ಪರದೆ, ಕುರ್ಚಿ ಹೇರಿಕೊಂಡು ಹೋಗಿ ಕ್ಯಾಂಪ್ ಹಾಕುವ ಸಂಸಾರ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಇಂಥ ಹಲವು ಕಂಪನಿಗಳು ಒಂದರ ಪಕ್ಕ ಒಂದು ಥೇಟರು ಕಟ್ಟುತ್ತವೆ. ಬನದ ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಒಂದೇ ರಾತ್ರಿ ಮೂರು-ನಾಲ್ಕು ಆಟ. ಪಕ್ಕದ ಥೇಟರಿನ ಹಾಡು ನಮ್ಮ ಥೇಟರಿನ ಅಳುವ ದೃಶ್ಯದಲ್ಲಿ ಕೇಳುತ್ತಿರುತ್ತದೆ. ಅಲ್ಲಿ ಮಂದಿಯನ್ನು ಹಿಡಿದು ಕೂಡಿಸುವ ಹೊಣೆ ಬಹಳ ಮಟ್ಟಿಗೆ ಹಾಸ್ಯಗಾರನದೇ.

ಆ ಹೊಣೆಯ ಮೂಲ ರಂಗದ ಕಟ್ಟೋಣದಲ್ಲೇ ಇದೆ. ಕಂಪನಿ ರಂಗಕ್ಕೆ ಒಂದರ ಹಿಂದೆ ಒಂದು ಚಿತ್ರ ಬರೆದ ಪರದೆ: ರಸ್ತೆ, ಮನೆ, ದರ್ಬಾರು, ಕಾಡು. ಎಲ್ಲಕ್ಕೂ ಮುಂದಿರುವುದು ರಸ್ತೆ ಪರದೆ. ಅದು ಇಳಿದಾಗ ನಟನಿಗೆ ಉಳಿಯುವುದು ಐದಾರು ಅಡಿ ಜಾಗ. ಹಾಸ್ಯದ ದೃಶ್ಯಗಳು ಬಹುತೇಕ ಇಲ್ಲೇ ನಡೆಯುತ್ತವೆ, ಯಾಕೆಂದರೆ ಅದೇ ಹೊತ್ತಿನಲ್ಲಿ ಪರದೆಯ ಹಿಂದೆ ಮಂಚ, ಮೆಟ್ಟಿಲು, ಸಿಂಹಾಸನ ಎಳೆದಾಡಿ ಮುಂದಿನ ಸೀನು ಹೊಂದಿಸುತ್ತಿರುತ್ತಾರೆ. ಬರೆದಿರುವುದು ಐದು ನಿಮಿಷದ ಮಾತು. ಹಗ್ಗ ಸಿಕ್ಕಿಕೊಂಡರೆ, ನಾಯಕಿಯ ಸೀರೆ ಬದಲಿಸುವುದು ತಡವಾದರೆ, ರಂಗದ ಬದಿಯ ಸೈಡ್‌ವಿಂಗಿನಿಂದ ಕೈಸನ್ನೆ ಬರುತ್ತದೆ: ಎಳಿ. ಐದು ಹತ್ತಾಗುತ್ತದೆ. ಎಲ್ಲ ಬೇಗ ಮುಗಿದರೆ ಎರಡೇ ನಿಮಿಷಕ್ಕೆ ಸುತ್ತಬೇಕು.

ಹಾಗಾಗಿ ಪಳಗಿದ ಹಾಸ್ಯಗಾರ ಮಾತನ್ನು ತುಣುಕು ತುಣುಕಾಗಿ ಇಟ್ಟುಕೊಂಡಿರುತ್ತಾನೆ. ತೆಗೆದರೂ ಕತೆ ಕೆಡದ ತುಣುಕುಗಳು ಬೇರೆ, ಊರಿನ ಸುದ್ದಿ ಸೇರಿಸಿ ಅಲ್ಲೇ ಹುಟ್ಟಿಸುವ ತುಣುಕುಗಳು ಬೇರೆ. ಬದಲಿಸಬಾರದ್ದು ಒಂದೇ, ದೃಶ್ಯದ ಕೊನೆಯ ಮಾತು. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ, ಲೈಟಿನವ, ಪರದೆ ಎಳೆಯುವವ, ವಿಂಗಿನಲ್ಲಿ ನಿಂತ ಮುಂದಿನ ಪಾತ್ರಧಾರಿ ನಾಲ್ವರೂ ಆ ಮಾತಿಗೇ ಕಿವಿಗೊಟ್ಟಿರುತ್ತಾರೆ. ಹೊಸಬ ಚಪ್ಪಾಳೆಯ ಗುಂಗಿನಲ್ಲಿ ಅದನ್ನು ನುಂಗಿಬಿಟ್ಟರೆ ರಂಗ ಬರಿದಾಗಿ ನಿಲ್ಲುತ್ತದೆ, ಆಮೇಲೆ ಸೀಟಿ.

ಇನ್ನೊಂದು ಕಟ್ಟು ಮೈಕಿನದು. ಹಳೆಯ ಕಂಪನಿ ನಟ ಏಣಗಿ ಬಾಳಪ್ಪನವರ ಪೀಳಿಗೆ ಬರೀ ಗಂಟಲಿನ ಮೇಲೆ ಬಂದದ್ದು. ಬಾಳಪ್ಪನವರು ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ಬಸವಣ್ಣನ ಪಾತ್ರದಿಂದ ಮನೆಮಾತಾಗಿ, 2017ರಲ್ಲಿ ನೂರು ದಾಟಿ ತೀರಿಕೊಂಡವರು. ಆ ಕಾಲದವರು ಹೊಟ್ಟೆಯಿಂದ ಉಸಿರು ತಂದು, ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಹಿಂದಿನ ಬೆಂಚಿಗೆ ಮುಟ್ಟಿಸುತ್ತಿದ್ದರು. ತಾಳಿಕೋಟೆಯವರ ಪೀಳಿಗೆ ಮೇಲಿನಿಂದ ತೂಗಿಬಿಟ್ಟ ಮೈಕುಗಳದ್ದು. ರಂಗದ ಮುಂಭಾಗದಲ್ಲಿ ಮೂರೋ ನಾಲ್ಕೋ ಇರುತ್ತವೆ. ಒಂದು ಹೆಜ್ಜೆ ಹಿಂದೆ ಸರಿದರೆ ದನಿ ಮಾಯ, ನೇರ ಕೆಳಗೆ ನಿಂತು ಕಿರುಚಿದರೆ ಸ್ಪೀಕರಿನ ಹಾರ್ನಿನಲ್ಲಿ ದನಿ ಒಡೆದು ಮಾತು ಕಲಸುತ್ತದೆ. ಅದಕ್ಕೇ ಕಂಪನಿ ನಟರು ಸಾಲಾಗಿ ಮುಂದೆ ಬಂದು ನಿಲ್ಲುವುದು. ಅದನ್ನು ನೋಡಿ ನಗುವ ಹವ್ಯಾಸಿಗಳಿದ್ದಾರೆ. ಇಡೀ ತಿಂಗಳು ಅಲ್ಲಿ ನಿಂತು ಮಾತಾಡಿದರೆ ನಗು ನಿಲ್ಲುತ್ತದೆ.

ಇನ್ನು ಕುಡುಕನ ಪಾತ್ರ. ಗ್ಯಾದರಿಂಗಿನಲ್ಲಿ ಪ್ರತಿಯೊಬ್ಬನೂ ಕೆಡಿಸುವುದು ಇದನ್ನೇ. ಬರುವಾಗಲೇ ತೂರಾಡುತ್ತ, ನಾಲಿಗೆ ತೊದಲುತ್ತ ಬಂದರೆ ಎರಡನೇ ನಿಮಿಷಕ್ಕೆ ಮಂದಿಗೆ ಬೇಸರ, ಮಾತೂ ತಿಳಿಯುವುದಿಲ್ಲ. ಕುಡಿದವ ಕುಡಿದಿಲ್ಲವೆಂದು ತೋರಿಸಲು ಹೆಣಗುತ್ತಾನೆ, ನಗು ಇರುವುದು ಆ ಹೆಣಗಾಟದಲ್ಲಿ. ಪಾದ ಅಗಲಿಸಿ ನಿಲ್ಲಬೇಕು. ತೂಕ ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನ ಸರಿಯಬೇಕು. ನೋಟ ಎದುರಿನವನ ಮುಖಕ್ಕೆ ಅರೆಗಳಿಗೆ ತಡವಾಗಿ ತಲುಪಬೇಕು. ತೊದಲುವುದು ಸಾಲಿಗೆ ಒಂದೇ ಶಬ್ದದಲ್ಲಿ ಸಾಕು. ತಮಾಷೆಯ ಕೀಲಿ ಇರುವ ಶಬ್ದ ಮಾತ್ರ ನಿಚ್ಚಳವಾಗಿರಲಿ. ತಾಳಿಕೋಟೆಯವರ ಕ್ಯಾಸೆಟ್ಟನ್ನು ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ, ಅಮಲಿನ ರಾಗ ಎಷ್ಟೇ ಎಳೆದರೂ ಮಾತು ಕಳೆದುಹೋಗುವುದಿಲ್ಲ. ಬರೀ ದನಿಯಲ್ಲೇ ಅಷ್ಟು ಮನೆಗಳಿಗೆ ತಲುಪಿದ್ದಕ್ಕೆ ಅದೇ ಕಾರಣ. (ದ್ವಂದ್ವಾರ್ಥದ ಮಾತು ಅತಿಯಾಯಿತು ಎಂಬ ದೂರು ಕಂಪನಿ ನಾಟಕಗಳ ಮೇಲೆ ಇದ್ದದ್ದೇ, ಪೂರಾ ಸುಳ್ಳೂ ಅಲ್ಲ.)

ನಗೆಗೆ ಕಾಯುವುದೂ ಲೆಕ್ಕದ ಕೆಲಸ. ನಗು ಏರುವಾಗ ಮಾತಾಡಿದರೆ ಮುಂದಿನ ಸಾಲು ಮುಳುಗುತ್ತದೆ. ಪೂರ್ತಿ ಇಳಿಯಲಿ ಎಂದು ಕಾದರೆ ಬಿಸಿ ಆರುತ್ತದೆ. ಅರ್ಧ ಇಳಿದಾಗ ಎತ್ತಿಕೊಳ್ಳಬೇಕು, ಆ ಸಾಲಿನ ಮೊದಲ ಎರಡು ಶಬ್ದ ಕೇಳಿಸದಿದ್ದರೂ ನಡೆಯುವಂತಿರಬೇಕು.

ಸಿನಿಮಾದಲ್ಲಿ ಇದರಲ್ಲಿ ಅರ್ಧಕ್ಕರ್ಧ ಅಡ್ಡಿಯಾಗುತ್ತದೆ. 2009ರ ‘ಮನಸಾರೆ’ಯಿಂದ ರಾಜ್ಯಕ್ಕೆಲ್ಲ ಅವರ ಮುಖ ಪರಿಚಯವಾಯಿತು, ಮುಂದಿನ ವರ್ಷ ‘ಪಂಚರಂಗಿ’. ಸೆಟ್ಟಿನಲ್ಲಿ ನಗುವವರಿಲ್ಲ, ನಕ್ಕರೆ ಟೇಕು ಹಾಳು. ಕಾಯುವ ಗಳಿಗೆಯನ್ನು ಎಡಿಟರ್ ನಿಶ್ಚಯಿಸುತ್ತಾನೆ. ರಂಗದಲ್ಲಿ ದಿನಕ್ಕೊಂದು ಬಗೆ ಹೇಳಿದ ಮಾತನ್ನು ಇಲ್ಲಿ ದೂರದ ಶಾಟು, ಹತ್ತಿರದ ಶಾಟು, ಎದುರಿನವನ ಶಾಟು ಮೂರಕ್ಕೂ ಅದೇ ಶಬ್ದ, ಅದೇ ಕೈಯಲ್ಲಿ ಲೋಟ ಹಿಡಿದು ಹೇಳಬೇಕು. ಒಂದರಲ್ಲಿ ಬಲಗೈ, ಇನ್ನೊಂದರಲ್ಲಿ ಎಡಗೈ ಆದರೆ ಎರಡೂ ಕೂಡುವುದಿಲ್ಲ. ಡಬ್ಬಿಂಗಿನಲ್ಲಿ ಫಜೀತಿ ಇನ್ನೂ ಹೆಚ್ಚು. ಸ್ಥಳದಲ್ಲಿ ಹುಟ್ಟಿಸಿ ಆಡಿದ ಮಾತನ್ನು ಎಷ್ಟೋ ದಿನಗಳ ಮೇಲೆ ಶೂಟಿಂಗಿನಲ್ಲಿ ಹಿಡಿದಿಟ್ಟ ಪೈಲಟ್ ಟ್ರ್ಯಾಕ್ ಕೇಳಿಕೊಂಡು ತುಟಿಗೆ ಹೊಂದಿಸಬೇಕು.

ಬಣ್ಣದ ಲೆಕ್ಕವೂ ಬೇರೆ. ಹಳೆಯ ಕಂಪನಿಗಳಲ್ಲಿ ಮುಖಕ್ಕೆ ಹಚ್ಚುತ್ತಿದ್ದ ಮುರ್ದಾಸಿಂಗು ಸೀಸದ ವಸ್ತು, ಚರ್ಮಕ್ಕೂ ಮೈಗೂ ಕೇಡು. ಅದನ್ನು ಯಾರೂ ಮತ್ತೆ ಹುಡುಕಿಕೊಂಡು ಹೋಗಬಾರದು. ಈಗ ಪ್ಯಾನ್‌ಕೇಕ್ ಮೇಕಪ್ಪು ಸಾಕು. ಕುಡುಕನಿಗೆ ಕಣ್ಣಿನ ಕೆಳಗೆ ಕಂದು, ಮೂಗಿನ ತುದಿಗೆ ತುಸು ಕೆಂಪು, ಒರಟು ಸ್ಪಂಜಿನಿಂದ ಒತ್ತಿದ ಗಡ್ಡದ ಕಪ್ಪು. ಇಪ್ಪತ್ತು ಅಡಿ ದೂರಕ್ಕೆ ಇದು ಸರಿ, ಕ್ಯಾಮೆರಾದ ಹತ್ತಿರದ ಶಾಟಿನಲ್ಲಿ ಮಸಿ ಮೆತ್ತಿದ ಹಾಗೆ ಕಾಣುತ್ತದೆ. ಅಲ್ಲಿ ನಿಜವಾದ ಗಡ್ಡವನ್ನೇ ಬಿಡಬೇಕು, ಶೂಟಿಂಗ್ ಮುಗಿಯುವ ತನಕ ಅದೇ ಉದ್ದದಲ್ಲಿ ಕತ್ತರಿಸಿಕೊಳ್ಳುತ್ತಿರಬೇಕು.

ಇಷ್ಟೆಲ್ಲ ಬದಲಾದರೂ ವಿಜಯಪುರದ ಮಾತಿನ ಏರಿಳಿತ ಒಂದನ್ನು ಅವರು ಬಿಡಲಿಲ್ಲ. ಬೆಂಗಳೂರಿನಲ್ಲಿ ನಮ್ಮ ಭಾಷೆ ಆಡಿಸುವವರು ಸಾಲಿಗೆರಡು ‘ರೀ’ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ತಾಳಿಕೋಟೆಯವರು ಸಾಲಿನ ನಡುವೆ ದನಿ ಎತ್ತಿ ಕ್ರಿಯಾಪದದ ಮೇಲೆ ಇಳಿಸುತ್ತಿದ್ದರು, ಅದನ್ನು ಬರೆದುಕೊಡಲಾಗದು. 2019ರಲ್ಲಿ ಬಿಗ್ ಬಾಸ್ ಮನೆಗೂ ಹೋದರು, ಕೊನೆಯ ವರ್ಷಗಳಲ್ಲಿ ಸರ್ಕಾರದ ರಂಗಸಂಸ್ಥೆಯಾದ ಧಾರವಾಡ ರಂಗಾಯಣದ ನಿರ್ದೇಶಕರಾದರು. ಕಂಪನಿ ನಟನೊಬ್ಬನಿಗೆ ಆ ಕುರ್ಚಿ ಸಿಕ್ಕದ್ದು ಸಣ್ಣ ಮಾತಲ್ಲ.

ಈ ವರ್ಷದ ಗ್ಯಾದರಿಂಗಿಗೆ ಯಾರಾದರೂ ಅವರ ಕುಡುಕನನ್ನು ಮಾಡುವುದಿದ್ದರೆ, ಕ್ಯಾಸೆಟ್ಟಿನ ಮಾತನ್ನು ಪೂರ್ತಿ ಬಾಯಿಪಾಠ ಮಾಡಬೇಡಿ. ಹತ್ತು ನಿಮಿಷಕ್ಕೆ ಇಳಿಸಿಕೊಳ್ಳಿ, ತೆಗೆಯಬಹುದಾದ ಎರಡು ತುಣುಕನ್ನು ಗುರುತು ಹಾಕಿಡಿ, ಕೊನೆಯ ಮಾತನ್ನು ಪರದೆ ಎಳೆಯುವ ಹುಡುಗನಿಗೆ ಬರೆದುಕೊಡಿ. ಸ್ಟ್ಯಾಂಡ್ ಮೈಕು ಬೇಡ, ಅದನ್ನು ಹಿಡಿದು ನಿಂತ ಕುಡುಕ ಭಾಷಣಕಾರನಾಗಿಬಿಡುತ್ತಾನೆ.