ಹದಿನಾಲ್ಕು ತಾರ್‌ಗಳು, ಒಂದು ಪ್ರಶ್ನೆ

18 ನವೆಂಬರ್ 2023, ಶನಿವಾರ

ಕೇರಳದ ಮುನ್ನಾರ್ ಬಳಿಯ ರಾಜಮಲೆಯಿಂದ ಬಂದು ಕೈಕಾಲು ತೊಳೆದದ್ದಷ್ಟೇ. ಚಿನ್ನು ಬೂಟನ್ನೂ ಬಿಚ್ಚದೆ ಮಲಗಿಬಿಟ್ಟಿದ್ದಾಳೆ. ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ.

ಅಲ್ಲಿನ ಇರವಿಕುಲಂ ಉದ್ಯಾನದಲ್ಲಿ ರಸ್ತೆಯ ಅಂಚಿಗೇ ಬೆಟ್ಟದ ಕಾಡುಮೇಕೆಗಳಾದ ನೀಲಗಿರಿ ತಾರ್‌ಗಳು ಬಂದಿದ್ದವು. ಮಂಜು ಸರಿದಾಗ ಎಣಿಸಿದೆ, ಹದಿನಾಲ್ಕು. ಒಂದು ಹೆಣ್ಣು ಬಂಡೆಯ ತುದಿಯಲ್ಲಿ ನಿಂತು ಕಣಿವೆಯನ್ನೇ ನೋಡುತ್ತಿತ್ತು. ಮೆಲುಕು ಹಾಕುವ ದವಡೆ ಆಡುತ್ತಿತ್ತು, ಕಿವಿ ಮಾತ್ರ ನಿಮಿರಿಯೇ ಇತ್ತು. ವರ್ಷದ ಆರಂಭದಲ್ಲಿ ಹುಟ್ಟಿರಬಹುದಾದ ಮರಿ ಅದರ ಪಕ್ಕೆಗೆ ಒರಗಿಕೊಂಡಿತ್ತು.

"ಅತ್ತೆ, ಇವುಗಳಲ್ಲಿ ಅಪ್ಪ ಯಾವುದು?"

"ಇಲ್ಲಿಲ್ಲ ಪುಟ್ಟಿ. ದೊಡ್ಡ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ಬೇರೆ ಕಡೆ ಮೇಯುತ್ತವೆ. ಮಳೆಗಾಲದಲ್ಲಿ ಬರುತ್ತವೆ."

"ಅಮ್ಮನ ಜೊತೆ ಜಗಳವಾಗಿದೆಯೇ?"

ಜಗಳವಲ್ಲ ಎಂದೆ. ಗಂಡು ಹೆಣ್ಣಿನ ಎರಡರಷ್ಟು ತೂಗುತ್ತದೆ, ಅದಕ್ಕೆ ಮೇವೂ ಹೆಚ್ಚು ಬೇಕು. ಹುಲ್ಲು ಚೆನ್ನಾಗಿದ್ದರೆ ಬಂಡೆಯಿಂದ ದೂರವೂ ಹೋಗಿಬಿಡುತ್ತದೆ. ತಾಯಿಗೆ ಆ ಧೈರ್ಯ ಸಾಲದು. ಚಿರತೆ ಬಂದರೆ, ಸೀಳುನಾಯಿ ಬಂದರೆ ಮರಿಯನ್ನು ಕರೆದುಕೊಂಡು ಜಾರಿಕೊಳ್ಳಲು ಕಡಿದಾದ ಬಂಡೆ ಹತ್ತಿರವಿರಬೇಕು. ಆಲ್ಪ್ಸ್‌ನ ಐಬೆಕ್ಸ್ ಎಂಬ ಕಾಡುಮೇಕೆಗಳು ಕೂಡ ವರ್ಷದ ಬಹುಭಾಗ ಹೀಗೆಯೇ ಬೇರೆಬೇರೆ ಇರುತ್ತವೆ. ಹೊಟ್ಟೆ ಒಂದು ಕಡೆ ಎಳೆಯುತ್ತದೆ, ಹೆದರಿಕೆ ಇನ್ನೊಂದು ಕಡೆ. ಅವಳಿಗೆ ಎಷ್ಟು ತಿಳಿಯಿತೋ.

ಹಿಂಡನ್ನು ಕುಟುಂಬ ಎಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ. ಬೆಳಿಗ್ಗೆ ಇಲ್ಲೇ ಮೂವತ್ತಿದ್ದವು ಎಂದರು ಅರಣ್ಯ ಇಲಾಖೆಯ ವಾಚರ್. ನಮ್ಮ ಕಣ್ಣೆದುರಿಗೇ ಹದಿನಾಲ್ಕು ಒಡೆದು ಒಂಬತ್ತು ಮೇಲಕ್ಕೆ ಹತ್ತಿದವು, ಐದು ಉಳಿದವು. ಸಂಜೆಗೆ ಯಾರು ಯಾರ ಜೊತೆ ಸೇರುತ್ತಾರೋ ಅವುಗಳಿಗೂ ಗೊತ್ತಿರಲಾರದು. ಆದರೂ ಒಂದರ ಪಕ್ಕ ಒಂದು ನಿಲ್ಲುತ್ತವೆ, ಏಕೆಂದರೆ ನೋಡುವ ಕಣ್ಣು ಹೆಚ್ಚಿದಷ್ಟೂ ಪ್ರತಿಯೊಂದೂ ತಲೆ ತಗ್ಗಿಸಿ ಮೇಯಬಹುದಾದ ಹೊತ್ತು ಹೆಚ್ಚುತ್ತದೆ. ಅಷ್ಟು ಸಾಕಲ್ಲವೇ ಒಟ್ಟಿಗಿರಲು? ನನಗಂತೂ ಅದು ದೊಡ್ಡ ವಿಷಯ.

ವಾಪಸು ನಡೆಯುವಾಗ ಚಿನ್ನು ಸುಮ್ಮನಿದ್ದಳು. ಗೇಟಿನ ಬಳಿ ಕೈ ಎಳೆದಳು.

"ಮಳೆಗಾಲದಲ್ಲಿ ಬಂದು ಹೋಗಿಬಿಟ್ಟರೆ, ಮರಿ ಹುಟ್ಟಿದ್ದು ಅಪ್ಪನಿಗೆ ಗೊತ್ತೇ ಆಗುವುದಿಲ್ಲವಲ್ಲ?"

ಲೆಕ್ಕ ಸರಿಯಾಗಿಯೇ ಇತ್ತು. ಜುಲೈ-ಆಗಸ್ಟ್‌ನಲ್ಲಿ ಕೂಡುತ್ತವೆ, ಗರ್ಭ ಸುಮಾರು ಆರು ತಿಂಗಳು, ಜನವರಿ-ಫೆಬ್ರವರಿಯಲ್ಲಿ ಮರಿ. ಅಷ್ಟರಲ್ಲಿ ಬೆನ್ನ ಮೇಲೆ ಬೆಳ್ಳಿ ಜೀನು ಹೊದ್ದ ಆ ಕಪ್ಪು ಗಂಡುಗಳು ಎಲ್ಲೋ. ಏನೂ ಹೇಳಲಾಗಲಿಲ್ಲ. ಅಣ್ಣ ಕೆಲಸಕ್ಕೆಂದು ಜೂನ್‌ನಲ್ಲಿ ಹೋದವನು ಇನ್ನೂ ಬಂದಿಲ್ಲ.

ಮೊಬೈಲ್ ತೆಗೆದು ಅವನ ಹೆಸರನ್ನೇ ನೋಡುತ್ತ ಕುಳಿತಿದ್ದೇನೆ. ಹೊರಡುವ ಮೊದಲು ಮತ್ತೆ ಮಂಜು ಮುಚ್ಚಿತ್ತು. ಬಂಡೆಯ ಕಡೆಯಿಂದ ಮರಿ ಎರಡು ಸಲ ಕೂಗಿದ್ದು ಕೇಳಿಸಿತು. ತಾಯಿ ಅಲ್ಲೇ ಇತ್ತೋ, ಒಂಬತ್ತರ ಗುಂಪಿನ ಜೊತೆ ಮೇಲಕ್ಕೆ ಹೋಗಿತ್ತೋ, ತಿಳಿಯಲಿಲ್ಲ.