ಬಾಡಿಗೆಗೆ ಕೊಟ್ಟ ಮೊದಲ ಮನೆಯ ಕಂದಾಯ

ಬೆಂಗಳೂರಿನಲ್ಲಿ ನಾವು ಮೊದಲ ಮನೆ ಕೊಂಡಿದ್ದೇ ಬಾಡಿಗೆಗೆ ಕೊಡೋಕೆ. ನನ್ನ ಆಫೀಸು ವೈಟ್‌ಫೀಲ್ಡ್ ಕಡೆ, ಮಗಳ ಶಾಲೆಯೂ ಅಲ್ಲೇ. ಕೈಗೆಟುಕುವ ಬೆಲೆಗೆ ಸಿಕ್ಕಿದ್ದು ಮಾತ್ರ ಊರಿನ ಇನ್ನೊಂದು ತುದಿಯಲ್ಲಿ, ಹಳೇ ಅಪಾರ್ಟ್‌ಮೆಂಟಿನ ಒಂದು ಫ್ಲಾಟು. ಹಾಗಾಗಿ ಇಲ್ಲಿ ನಾವು ಬಾಡಿಗೆದಾರರು, ಅಲ್ಲಿ ಓನರ್.

2025ರ ಫೆಬ್ರವರಿಯಲ್ಲಿ ರಿಜಿಸ್ಟ್ರೇಷನ್ ಆಯಿತು. 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು, ನೋಂದಣಿ ಶುಲ್ಕ 1%. ಎಲ್ಲ ಸೇರಿ 6.6%, ಅಂದರೆ ಹೆಚ್ಚುಕಮ್ಮಿ 4 ಲಕ್ಷ. (ಅದೇ ವರ್ಷ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ 2% ಆಯಿತು. ಅಷ್ಟರ ಮಟ್ಟಿಗೆ ಬಚಾವ್.) ಬೆಲೆ 50 ಲಕ್ಷ ದಾಟಿದ್ದರಿಂದ ಮಾರಿದವರ ದುಡ್ಡಿನಲ್ಲಿ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ನಾವೇ ಕಟ್ಟಬೇಕಾಯಿತು. ಮೊದಲ ಮನೆ ಅಂತ ರಿಯಾಯಿತಿ ಇಲ್ಲ, ಬಾಡಿಗೆಗೆ ಕೊಡ್ತೀರಾ ಅಂತ ಜಾಸ್ತಿಯೂ ಇಲ್ಲ. ಅಲ್ಲಿ ಆ ಪ್ರಶ್ನೆಯೇ ಬರೋದಿಲ್ಲ.

ಅದನ್ನು ಕೇಳೋದು ಪಾಲಿಕೆ, ಪ್ರತಿ ವರ್ಷ ಮನೆ ಕಂದಾಯ ಕಟ್ಟುವಾಗ.

ಮಾರ್ಚ್‌ನಲ್ಲಿ ಒಂದು ಸಣ್ಣ ಸಂಸಾರ ಬಾಡಿಗೆಗೆ ಬಂತು, ತಿಂಗಳಿಗೆ 22,000. ಏಪ್ರಿಲ್ ಒಳಗೆ ಪೂರ್ತಿ ಕಂದಾಯ ಕಟ್ಟಿದರೆ 5% ರಿಯಾಯಿತಿ ಇರುತ್ತೆ. ಹಾಗಾಗಿ ಒಂದು ಭಾನುವಾರ ಹಳೇ ಓನರ್ ಕೊಟ್ಟ ರಸೀದಿಗಳ ಕಟ್ಟು ಬಿಚ್ಚಿಕೊಂಡು ಕೂತೆ. ಎಲ್ಲವೂ ಫಾರಂ 4. ಅಂದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಏನೂ ಬದಲಾಗಿಲ್ಲ ಅಂತ. ಎಲ್ಲದರಲ್ಲೂ ‘ಸ್ವಂತ ವಾಸ’. ಅವರು ನಿಜವಾಗಲೂ ಅಲ್ಲೇ ಇದ್ದರು, ಅದು ಸರಿ. ಈಗ ಮನೆ ಬಾಡಿಗೆಗೆ ಹೋಗಿದೆ. ಬದಲಾವಣೆ ಇದ್ದರೆ ಫಾರಂ 5 ತುಂಬಬೇಕು.

ಬ್ರೋಕರ್‌ಗೆ ಫೋನ್ ಮಾಡಿದೆ. "ಸುಮ್ನೆ ಸೆಲ್ಫ್ ಅಂತಾನೇ ಬಿಡಿ ಸಾರ್. ಬಾಡಿಗೆ ಅಂತ ಹಾಕಿದ್ರೆ ಡಬಲ್ ಆಗುತ್ತೆ. ಯಾರು ಬಂದು ನೋಡ್ತಾರೆ?" ಅಂದರು. ಅಪಾರ್ಟ್‌ಮೆಂಟಿನ ಪಕ್ಕದ ಮನೆ ಆಂಟಿಯೂ ಅದನ್ನೇ ಹೇಳಿದರು. ಅವರದ್ದು ಇನ್ನೂ ಎರಡು ಫ್ಲಾಟ್ ಬಾಡಿಗೆಗಿವೆಯಂತೆ.

ಡಬಲ್ ಅನ್ನೋದು ನಿಜವೇ. 2008ರಲ್ಲಿ ಬಂದ ಪದ್ಧತಿಯಲ್ಲಿ ಬೀದಿಯ ಮಾರ್ಗಸೂಚಿ ಬೆಲೆ (ಸರ್ಕಾರ ಗೊತ್ತುಮಾಡಿದ ಜಾಗದ ಬೆಲೆ) ನೋಡಿ ಊರನ್ನು ಎ ಇಂದ ಎಫ್‌ವರೆಗೆ ವಲಯ ಮಾಡಿದ್ದಾರೆ. ನಮ್ಮದು ಡಿ ವಲಯ. ಆಗಿನ ಪಟ್ಟಿಯಲ್ಲಿ ಡಿ ವಲಯದ ಆರ್‌ಸಿಸಿ (ಕಾಂಕ್ರೀಟ್) ಮನೆಗೆ ಸ್ವಂತ ವಾಸವಾದರೆ ಚದರಡಿಗೆ ತಿಂಗಳಿಗೆ 1.60 ರೂಪಾಯಿ, ಬಾಡಿಗೆಗಾದರೆ 3.20. 2016ರಲ್ಲಿ ವಾಸದ ಮನೆಗಳಿಗೆ 20% ಏರಿತು. ಎಲ್ಲ ವಲಯದಲ್ಲೂ ಕತೆ ಇದೇ, ಬಾಡಿಗೆ ಮನೆಗೆ ಎರಡು ಪಟ್ಟು.

ಆದರೆ ಯಾವುದರ ಡಬಲ್? ಬ್ರೋಕರ್ ಆಗಲಿ ಆಂಟಿಯಾಗಲಿ ಆ ಲೆಕ್ಕ ಹೇಳಲಿಲ್ಲ. ಪೆನ್ನು ಹಿಡಿದು ಹಾಕಿ ನೋಡಿದೆ. 1,000 ಚದರಡಿ, ಆ 20% ಏರಿಕೆ ಸೇರಿ 3.84 ರೂಪಾಯಿ. ವರ್ಷ ಅಂದರೂ ಲೆಕ್ಕಕ್ಕೆ ಹಿಡಿಯೋದು 10 ತಿಂಗಳು ಮಾತ್ರ. 38,400 ಆಯಿತು. ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು, ಉಳಿದದ್ದರ 20% ತೆರಿಗೆ, ಆ ತೆರಿಗೆಯ ಮೇಲೆ 24% ಸೆಸ್ಸು. ಕೊನೆಗೆ ಬಂದದ್ದು ಎಂಟು ಸಾವಿರ ಚಿಲ್ಲರೆ. ಸ್ವಂತ ವಾಸ ಅಂತ ಹಾಕಿದ್ದರೆ ನಾಲ್ಕು ಸಾವಿರ ಚಿಲ್ಲರೆ. ಮುಚ್ಚಿದ ಪಾರ್ಕಿಂಗಿಗೆ ಅರ್ಧ ದರ, ಕಸದ ಶುಲ್ಕ ಬೇರೆ. ಈ ಇಡೀ ಗುಟ್ಟಿನ ಬೆಲೆ ತಿಂಗಳಿಗೆ ಮುನ್ನೂರೈವತ್ತು ರೂಪಾಯಿ! 4 ಲಕ್ಷ ಒಂದೇ ಏಟಿಗೆ ಕಟ್ಟಿ ಬಂದವನಿಗೆ ನಗು ಬಂತು. ಮೇಂಟೆನೆನ್ಸ್ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಅದಕ್ಕಿಂತ ದೊಡ್ಡ ವಿಷಯ ನೆನಪಾಗಿದ್ದು ಆಮೇಲೆ. ನಾನೂ ಬಾಡಿಗೆದಾರ ಅಲ್ವಾ? ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ತೋರಿಸೋಕೆ ಓನರ್ ಪ್ಯಾನ್ ನಂಬರ್ ಕೊಡಬೇಕು. ನಮ್ಮ ಓನರ್ ಹತ್ತಿರ ಪ್ಯಾನ್ ಕೇಳಿದಾಗ ಅವರು ಕಾಫಿ ಲೋಟ ಕೆಳಗಿಟ್ಟು ಒಂದು ನಿಮಿಷ ಸುಮ್ಮನೆ ಕೂತಿದ್ದರು. ಇನ್ನು ನನ್ನ ಬಾಡಿಗೆದಾರರು ನನ್ನ ಪ್ಯಾನ್ ಕೇಳ್ತಾರೆ, ಕೊಡಲೇಬೇಕು. ಆಮೇಲೆ ಆದಾಯ ತೆರಿಗೆಯವರ ಹತ್ತಿರ ‘ಬಾಡಿಗೆಗೆ ಕೊಟ್ಟಿದ್ದೇನೆ’, ಪಾಲಿಕೆ ಹತ್ತಿರ ‘ನಾನೇ ಇದ್ದೇನೆ’. ಒಂದೇ ಮನೆಗೆ ಎರಡು ಕಾಗದ, ಎರಡು ಕತೆ. ಸಿಕ್ಕಿಬಿದ್ದರೆ ವ್ಯತ್ಯಾಸದ ಜೊತೆ ದಂಡ, ಬಡ್ಡಿ. 2024ರಲ್ಲಿ ಒಂದು ಬಾರಿ ತೀರುವಳಿ ಯೋಜನೆ ತಂದು ಬಾಕಿದಾರರಿಗೆ ಬಡ್ಡಿ ಬಿಟ್ಟಿದ್ದರು, ನವೆಂಬರ್ 30ಕ್ಕೆ ಮುಗಿಯಿತು. ಮತ್ತೆ ಅಂಥದ್ದು ಬರುತ್ತೆ ಅಂತ ಕಾಯೋಕಾಗುತ್ತಾ?

ಇನ್ನೊಂದು ವಿಷಯ ಜನ ಗಮನಿಸೋದೇ ಇಲ್ಲ. ಆದಾಯ ತೆರಿಗೆಗೆ ಬಾಡಿಗೆ ಮನೆಯ ಆದಾಯ ಲೆಕ್ಕ ಹಾಕುವಾಗ ಆ ವರ್ಷ ಕಟ್ಟಿದ ಕಂದಾಯವನ್ನು ಮೊದಲು ಕಳೆಯಬಹುದು. ಉಳಿದದ್ದರಲ್ಲಿ ರಿಪೇರಿ ಮಾಡಿಸಲಿ ಬಿಡಲಿ 30% ಕಡಿತ, ಆಮೇಲೆ ಸಾಲದ ಬಡ್ಡಿ. ನಾನು ಎಚ್‌ಆರ್‌ಎಗೋಸ್ಕರ ಹಳೇ ತೆರಿಗೆ ಪದ್ಧತಿಯಲ್ಲೇ ಉಳಿದಿದ್ದೇನೆ. ಬಡ್ಡಿ ಹೋಗಿ ಮನೆ ನಷ್ಟ ತೋರಿಸಿದರೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಹಾಗೆ ಕಳೆಯೋಕೆ ಬಿಡೋದಿಲ್ಲ. ಹಾಗಾಗಿ ಕಟ್ಟಿದ ಎಂಟು ಸಾವಿರದಲ್ಲೂ ಒಂದಿಷ್ಟು ನನಗೆ ವಾಪಸ್ ಬರುತ್ತೆ. ಷರತ್ತು ಎರಡೇ. ಕಂದಾಯ ಕಟ್ಟಿದವನು ಓನರೇ ಆಗಿರಬೇಕು, ಅದೇ ವರ್ಷ ಕಟ್ಟಿರಬೇಕು.

ಫಾರಂ 5 ತುಂಬಿ, ‘ಬಾಡಿಗೆ’ ಅಂತ ಗುರುತು ಹಾಕಿ, ದುಡ್ಡು ಕಟ್ಟಿದೆ. ಚಲನ್ ಇಳಿಸಿಕೊಳ್ಳುವಾಗ ಸೈಟು ಎರಡು ಸಲ ಕೈಕೊಟ್ಟಿತು, ಅದು ಇದ್ದದ್ದೇ. ಆಮೇಲೆ ಬಾಡಿಗೆ ಕರಾರು ಪತ್ರ ತೆಗೆದು ಓದಿದೆ. ಬ್ರೋಕರ್ ಕೊಟ್ಟ ರೆಡಿಮೇಡ್ ಕಾಗದ, ಅವಸರದಲ್ಲಿ ಸಹಿ ಹಾಕಿದ್ದು. ಏಳನೇ ಸಾಲಿನಲ್ಲಿ ‘ವಿದ್ಯುತ್, ನೀರು ಹಾಗೂ ಕಂದಾಯ ಬಾಡಿಗೆದಾರರೇ ಭರಿಸತಕ್ಕದ್ದು’ ಅಂತಿತ್ತು. ಬಾಡಿಗೆದಾರರಿಗೆ ಫೋನ್ ಮಾಡಿ, "ಕಂದಾಯ ನಂದು, ನೀವು ಕರೆಂಟು, ನೀರು ನೋಡ್ಕೊಳ್ಳಿ. ಕಾಗದ ತಿದ್ದಿಸಿ ಕಳಿಸ್ತೀನಿ" ಅಂದೆ.

"ಆಯ್ತು ಸಾರ್," ಅಂದರು. "ಹಂಗೇ ನಿಮ್ಮ ಪ್ಯಾನ್ ನಂಬರೂ ಕಳಿಸ್ಬಿಡಿ."